ಜೋಂಗಾದ ಹಿಂಬದಿಯ ನಂಬರು

ಅವರು ಯಾವ ಗಾಡಿಗೂ ಒರಗಿ ನಿಲ್ಲುತ್ತಿರಲಿಲ್ಲ. ಬಸ್ಸಿಗೆ ಕಾಯುವಾಗ ಕಂಬಕ್ಕೆ ಒರಗುತ್ತಿದ್ದರು, ಗೋಡೆಗೆ ಒರಗುತ್ತಿದ್ದರು, ನನ್ನ ಶೆಡ್ಡಿನ ತಗಡಿನ ಬಾಗಿಲಿಗೂ ಒರಗುತ್ತಿದ್ದರು. ಗಾಡಿಗೆ ಮಾತ್ರ ಇಲ್ಲ. ಯಾಕೆಂದು ಒಮ್ಮೆ ಕೇಳಿದೆ.

"ದಿನಾ ಹೊತ್ತು ಹೊತ್ತು ಸಾಕಾಗಿರತೈತಿ ಅದಕ್ಕ. ನಿಂತಾಗರ ಸುಮ್ಮನ ಬಿಡಬೇಕಪಾ ಪೇಂಟರ್," ಅಂದರು.

ಕೂಡ್ಲಿಗಿಯಲ್ಲಿ ಅವರನ್ನು ಎಲ್ಲರೂ ಮಿಲ್ಟ್ರಿ ಎಂದೇ ಕರೆಯುತ್ತಿದ್ದರು. ಅವರ ಹೆಸರು ನನಗೆ ಗೊತ್ತಿದೆ. ಇಲ್ಲಿ ಬರೆಯುವುದಿಲ್ಲ. ಮುಂದೆ ಬರುವುದು ನಾನು ಅವರಿಗೆ ಮಾಡಿದ ಮೋಸದ ವಿಷಯ, ಅದರ ಪಕ್ಕದಲ್ಲಿ ಅವರ ಹೆಸರು ಇರುವುದು ಬೇಡ. ಈ ಸಲದ ಬೇಸಿಗೆ ಶುರುವಾಗುವ ಮುಂಚೆ ಅವರು ತೀರಿಕೊಂಡರು.

ನಾನು ಕೊಟ್ಟೂರಿನ ರೈಲ್ವೆ ಗೇಟಿನ ಹತ್ತಿರ ಲಾರಿ, ಟ್ರ್ಯಾಕ್ಟರುಗಳಿಗೆ ಬಣ್ಣ ಹೊಡೆಯುವ ಶೆಡ್ಡು ಇಟ್ಟುಕೊಂಡಿದ್ದವನು. ಹೈಸ್ಕೂಲು ಮುಗಿಸಿ, ಅಕ್ಷರ ದುಂಡಗಿವೆ ಎಂಬ ಒಂದೇ ಗುಣದಿಂದ ಈ ಕೆಲಸಕ್ಕೆ ಸೇರಿದೆ. ಈಗ ಕೈ ನಡುಗುತ್ತದೆ, ಶೆಡ್ಡು ಬೇರೆಯವರ ಪಾಲಾಗಿದೆ.

ಮಿಲ್ಟ್ರಿ ಸೈನ್ಯದಲ್ಲಿ ಡ್ರೈವರ್ ಆಗಿದ್ದರು. ನಿವೃತ್ತರಾಗಿ ಬಂದಮೇಲೆ ಕೂಡ್ಲಿಗಿಯ ಒಂದು ಶಾಲೆಯ ಬಸ್ಸು ಓಡಿಸುತ್ತಿದ್ದರು. ಬೆಳಿಗ್ಗೆ ಬಸ್ಸು ಹತ್ತುವ ಮುಂಚೆ ಪ್ರತಿ ಗಾಲಿಯನ್ನೂ ಅಂಗೈಯಿಂದ ತಟ್ಟುತ್ತ ಅದರ ಸುತ್ತ ಒಂದು ಸುತ್ತು ಬರುವುದು ಅವರ ರೂಢಿ. ಅಜ್ಜ ಬಸ್ಸಿಗೆ ಪ್ರದಕ್ಷಿಣಿ ಹಾಕ್ತಾನ ಎಂದು ಮಕ್ಕಳು ನಗುತ್ತಿದ್ದವು. "ನಗ್ರಿ ನಗ್ರಿ. ಪ್ರದಕ್ಷಿಣಿ ಹಾಕದಿದ್ರ ದೇವರು ಸುಮ್ಮನಿರತಾನ, ಬ್ರೇಕು ಸುಮ್ಮನಿರಂಗಿಲ್ಲ," ಎನ್ನುತ್ತಿದ್ದರು. ಗಾಡಿಯನ್ನು ಹಿಂದಕ್ಕೆ ತೆಗೆಯುವಾಗ ಮಾತ್ರ ತಮಗೆ ತಾವೇ ಹಿಂದಿಯಲ್ಲಿ ಹೇಳಿಕೊಳ್ಳುತ್ತಿದ್ದರು: ಆನೇ ದೋ, ಆನೇ ದೋ, ಬಸ್. ಬರಲಿ, ಬರಲಿ, ಸಾಕು ಎಂದು ಅದರ ಅರ್ಥ. ಅದನ್ನು ಕೇಳಿ ಕೇಳಿ ನಮ್ಮ ಶೆಡ್ಡಿನವರೆಲ್ಲ ಹಿಂದಿಯಲ್ಲೇ ರಿವರ್ಸ್ ತೆಗೆಯುವುದನ್ನು ಕಲಿತರು.

ಆ ಶಾಲೆಯ ಬಸ್ಸನ್ನು ಬಣ್ಣಕ್ಕೆ ತಂದಾಗಲೇ ನಮ್ಮ ಪರಿಚಯವಾದದ್ದು. ಬಣ್ಣ ಒಣಗುವವರೆಗೆ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಮಾತಿನ ಭರದಲ್ಲಿ ನಮ್ಮ ಕಡೆಯ ಪೇಂಟರುಗಳ ಒಂದು ರೂಢಿಯನ್ನು ಹೇಳಿದೆ. ಹಳೆ ಲಾರಿ ಬಂದರೆ ಮೈಯೆಲ್ಲ ಉಪ್ಪುಕಾಗದ ಹಾಕಿ ಉಜ್ಜುತ್ತೇವೆ, ಆದರೆ ದೇವರ ಹೆಸರು ಬರೆದ ಜಾಗವನ್ನು ಉಜ್ಜುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಅದರ ಮೇಲೆಯೇ ಹೊಸ ಬಣ್ಣ ಹೊಡೆಯುತ್ತೇವೆ. ಹಾಗಾಗಿ ನಮ್ಮ ಹಳೆ ಲಾರಿಗಳ ಹಣೆಯಲ್ಲಿ ಬಣ್ಣದ ಅಡಿಗೆ ಬಣ್ಣ, ಹೆಸರಿನ ಅಡಿಗೆ ಹೆಸರು ಇರುತ್ತವೆ. ಓರೆ ಬಿಸಿಲಿಗೆ ನಿಲ್ಲಿಸಿ ನೋಡಿದರೆ ಅಡಿಯ ಅಕ್ಷರದ ಅಂಚು ಉಬ್ಬಿ ಕಾಣುತ್ತದೆ.

ಇದನ್ನು ಕೇಳಿ ಅವರು ಲೋಟ ಕೆಳಗಿಟ್ಟರು. "ಅಂದ್ರ ಬರದಿದ್ದು ಹೋಗಂಗಿಲ್ಲ ಅನ್ನು," ಅಂದರು.

ಅದಾದ ಕೆಲವು ತಿಂಗಳಿಗೆ ಅವರು ಹರಪನಹಳ್ಳಿಯ ಒಬ್ಬ ಮೆಕ್ಕೆಜೋಳದ ವ್ಯಾಪಾರಿಯ ಗೋದಾಮಿನ ಹಿಂದೆ ಒಂದು ಹಳೆ ಜೋಂಗಾ ನಿಂತಿರುವುದನ್ನು ಕಂಡರು. ಜೋಂಗಾ ಅಂದರೆ ಸೈನ್ಯದವರು ಓಡಿಸುತ್ತಿದ್ದ, ಜೀಪಿಗಿಂತ ದೊಡ್ಡದಾದ ಗಾಡಿ. ಸೈನ್ಯದಿಂದ ಹೊರಬಿದ್ದವು ಹರಾಜಿನಲ್ಲಿ ಊರೂರು ಸೇರಿದ್ದವು. ಈ ಗಾಡಿಯಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವಂತೆ. ವ್ಯಾಪಾರಿಯನ್ನು ಒಪ್ಪಿಸಿ, ಟ್ರ್ಯಾಕ್ಟರಿಗೆ ಕಟ್ಟಿ, ಅದನ್ನು ನೇರವಾಗಿ ನನ್ನ ಶೆಡ್ಡಿಗೆ ಎಳೆಸಿಕೊಂಡು ಬಂದರು.

"ಇದರ ಮಿಲಿಟರಿ ನಂಬರು ಅಡಿಯಾಗ ಎಲ್ಲೋ ಇರತೈತಿ. ಹುಡುಕಿಕೊಡು. ನಂಬರು ಸಿಕ್ಕರ ಎಲ್ಲೆಲ್ಲಿ ಇತ್ತು, ಯಾವ ಪಲ್ಟನ್ನಾಗಿತ್ತು ಎಲ್ಲಾ ಹುಡುಕಬಹುದು," ಅಂದರು.

ನಾನು ಬಾನೆಟ್ಟು ಎತ್ತಿ ನೋಡಿದೆ. ಅದರ ಕೀಲಿನ ಒಳಬದಿಗೆ ಒಂದು ಕೆಂಪು ಚುಕ್ಕೆ ಇತ್ತು. ಅದು ನನ್ನ ಗುರುತು. ನಾನು ಬಣ್ಣ ಹೊಡೆದ ಪ್ರತಿ ಗಾಡಿಗೂ ಅಲ್ಲೊಂದು ಚುಕ್ಕೆ ಇಡುತ್ತಿದ್ದೆ.

ಆಗ ನೆನಪಾಯಿತು. ಬಹಳ ವರ್ಷಗಳ ಹಿಂದೆ, ಹರಾಜಿನಿಂದ ಬಂದ ಹೊಸತರಲ್ಲಿ, ಅದೇ ವ್ಯಾಪಾರಿ ಆ ಗಾಡಿಯನ್ನು ನನ್ನ ಹತ್ತಿರವೇ ತಂದಿದ್ದ. ಮಿಲಿಟರಿ ಗುರುತು ಒಂದೂ ಉಳಿಯಬಾರದು, ಚೆಕ್‌ಪೋಸ್ಟಿನಲ್ಲಿ ತೊಂದರೆ ಎಂದಿದ್ದ. ಅದೇನು ದೇವರ ಹೆಸರಲ್ಲವಲ್ಲ. ಮೆಷಿನ್ನು ಹಚ್ಚಿ ತಗಡು ಬೆಳ್ಳಗೆ ಹೊಳೆಯುವವರೆಗೆ ಕೆರೆದು, ಆಮೇಲೆ ನೀಲಿ ಬಣ್ಣ ಹೊಡೆದಿದ್ದೆ. ಆ ನಂಬರನ್ನು ಕೊನೆಗೆ ನೋಡಿದವನು ನಾನೇ, ಅಳಿಸಿದವನೂ ನಾನೇ. ನೆನಪಿಗೆ ಬಂದದ್ದು ಎಲ್ಲೋ ಒಂದು ಕಡೆ ಬಿಳಿಯದೇನೋ ಇತ್ತು ಎಂಬುದಷ್ಟೇ.

ಆವತ್ತೇ ಹೇಳಬಹುದಿತ್ತು. ಅವರು ಬೈಯುವ ಜಾತಿಯವರಲ್ಲ. ಆದರೆ ಬರೆದದ್ದು ಹೋಗುವುದಿಲ್ಲ ಎಂದು ಅವರೆದುರು ದೊಡ್ಡದಾಗಿ ಹೇಳಿದವನು ನಾನು. ನನ್ನ ಕೆಲಸದ ಬಗ್ಗೆ ಅವರಿಗೆ ಇದ್ದ ಗೌರವ ನನಗೆ ಬೇಕಾಗಿತ್ತು. "ಹುಡುಕೋಣ ಬಿಡ್ರಿ," ಅಂದುಬಿಟ್ಟೆ.

ಸಂಜೆ ಶಾಲೆ ಬಿಟ್ಟಮೇಲೆ ಅವರು ಬಸ್ಸು ಹಿಡಿದು ಕೂಡ್ಲಿಗಿಯಿಂದ ಬರುತ್ತಿದ್ದರು. ನಾನು ನೀರು ಚಿಮುಕಿಸಿ ಉಜ್ಜುವುದು, ಅವರು ಮೂಗು ತಗಡಿಗೆ ತಾಗುವಷ್ಟು ಬಗ್ಗಿ ನೋಡುವುದು. "ಸಾವಕಾಶ. ಕೂಸಿನ ಕಣ್ಣು ಒರಸಿದಂಗ ಒರಸು," ಎನ್ನುತ್ತಿದ್ದರು. ಬಾನೆಟ್ಟಿನ ಎರಡೂ ಬದಿ ಆಯಿತು, ಬಂಪರ್ ಆಯಿತು. ನೀಲಿ ಹೋಗಿ ತಗಡು ಬರುತ್ತಿತ್ತು. ನಡುವೆ ಹಸಿರಿನ ಎಳೆಯೂ ಇಲ್ಲ. "ಎಂಥಾ ಪಾಪಿ ಕೆರದಾನಲೇ ಇದನ್ನ," ಅಂದರು ಒಂದು ದಿನ. ನಾನು ಬಗ್ಗಿಸಿದ ತಲೆ ಎತ್ತಲಿಲ್ಲ.

ಯಾಕೆ ಇಷ್ಟು ಹಟ ಎಂದು ಕೇಳಿದ್ದಕ್ಕೆ ಹಡಗಲಿಯ ಗೆಳೆಯನ ಕಥೆ ಹೇಳಿದರು. ಇಬ್ಬರೂ ಒಂದೇ ಪಲ್ಟನ್ನಿನಲ್ಲಿ ಡ್ರೈವರುಗಳು. ಹಿಮ ಬೀಳುವ ಗುಡ್ಡಗಾಡಿನಲ್ಲಿ ಒಂದು ದಿನ ಇವರ ಪಾಳಿ ಇತ್ತು. ಜ್ವರ ಬಂದಿತ್ತು.

"ನೀ ಮಲಕ್ಕೋಲೇ, ನಾ ಹೊಕ್ಕೀನಿ ಅಂದ. ನನ್ನ ಜೋಂಗಾ ತಗೊಂಡು ಹೋದ. ಗಾಡಿ ಜಾರಿ ಕೆಳಗ ಬಿತ್ತು. ಗಾಡಿ ಮ್ಯಾಲೆ ಎತ್ತಿದ್ರು, ಚಾಸಿ ಮುರಿದಿತ್ತು, ನನ್ನ ಕಣ್ಣೆದುರಿಗೇ ಬೆಸುಗಿ ಹಾಕಿ ಮತ್ತ ಓಡಿಸಿದ್ರು. ಅವನ ಪೆಟ್ಟಿಗಿ ಮಾತ್ರ ಊರಿಗೆ ಬಂತು. ನಾನೇ ತಂದೆ."

ಆ ಪೆಟ್ಟಿಗೆಯನ್ನು ಹಡಗಲಿಯ ಮನೆಯಲ್ಲಿ ಇಳಿಸಿ, ನೀರು ಕುಡಿಯುವ ಮುಂಚೆಯೇ, ಆವತ್ತು ಸಾಯಬೇಕಾದವನು ನಾನು ಎಂದು ಗೆಳೆಯನ ಹೆಂಡತಿಗೆ ಹೇಳಿದ್ದರಂತೆ. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಕೆ ಊಟಕ್ಕೆ ಏಳು ಎಂದಳಂತೆ. ಅಂದಿನಿಂದ ಅದು ಅವರ ಪಾಲಿಗೆ ಅಕ್ಕನ ಮನೆ.

"ಇಷ್ಟು ಜೋಂಗಾದಾಗ ಇದೇ ಅದು ಅಂತ ಹೆಂಗ್ರಿ?" ಅಂದೆ.

"ಅದೇ ಅಂತ ನಾ ಎಲ್ಲಂದೆ? ಅಲ್ಲ ಅಂತ ಗೊತ್ತಾದ್ರೂ ಸಾಕು."

ಆ ಗಾಡಿಯ ನಂಬರು ನೆನಪಿದೆಯೇ ಎಂದು ಕೇಳಿದೆ. ಅವರು ಸೀಮೆಸುಣ್ಣ ತೆಗೆದುಕೊಂಡು ಶೆಡ್ಡಿನ ನೆಲದ ಮೇಲೆ ಬರೆದು ತೋರಿಸಿದರು. ಮೊದಲು ಮೇಲಕ್ಕೆ ಮುಖ ಮಾಡಿದ ಬಾಣ, ಆಮೇಲೆ ಅಂಕಿ, ಒಂದು ಅಕ್ಷರ, ಮತ್ತೆ ಅಂಕಿ. ಅಂಕಿಗಳ ನಡುವೆ ಎಲ್ಲೆಲ್ಲಿ ಸಂದು ಬಿಡಬೇಕು ಎಂಬುದನ್ನೂ ಬಿಡಿಸಿ ತೋರಿಸಿದರು. ಅವರು ಹೋದಮೇಲೆ ಯಾರೂ ತುಳಿಯದಿರಲಿ ಎಂದು ಅದರ ಮೇಲೆ ಒಂದು ಡಬ್ಬಿ ಬೋರಲು ಹಾಕಿದೆ. ಆಗ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಉಳಿದದ್ದು ಹಿಂಬದಿಯ ಬಾಗಿಲೊಂದೇ. ಅಲ್ಲಿಯೂ ಸಿಗದಿದ್ದರೆ ಹರಪನಹಳ್ಳಿಗೆ ಹೋಗಿ, ಮೊದಲು ಬಣ್ಣ ಹೊಡೆದವನು ಯಾರು ಎಂದು ವ್ಯಾಪಾರಿಯನ್ನೇ ಕೇಳುತ್ತೇನೆ ಎಂದರು. ಕೇಳಿದರೆ ಅವನು ನನ್ನ ಹೆಸರನ್ನೇ ಹೇಳುತ್ತಿದ್ದ.

ಅಮಾವಾಸ್ಯೆಯ ದಿನ ನಮ್ಮ ಶೆಡ್ಡಿಗೆ ರಜೆ. ಕೆಲಸದವರು ಯಾರೂ ಬರುವುದಿಲ್ಲ. ಆವತ್ತು ಬಾಗಿಲು ಹಾಕಿಕೊಂಡು, ಡಬ್ಬಿ ಎತ್ತಿ, ನೆಲದ ನಂಬರನ್ನು ಹಾಳೆಗೆ ಇಳಿಸಿಕೊಂಡೆ. ಹಳೆ ಎಕ್ಸ್‌ರೇ ಫಿಲಂ ಕತ್ತರಿಸಿ ಅಚ್ಚು ಮಾಡಿದೆ. ಹಿಂಬಾಗಿಲನ್ನು ಕೆರೆದು ಮಿಲಿಟರಿ ಹಸಿರು ಹೊಡೆದು, ಬಿಳಿಯಲ್ಲಿ ನಂಬರು ಬರೆದು, ಅದನ್ನು ಅಲ್ಲಲ್ಲಿ ತಿಂದು ಹೋದ ಹಾಗೆ ಉಜ್ಜಿ, ಮೇಲೆ ನೀಲಿ ಮುಚ್ಚಿ, ಹಳತಾಗಿ ಕಾಣಲೆಂದು ಸೀಮೆಎಣ್ಣೆ ಮತ್ತು ದೂಳು ಸವರಿದೆ. ನನ್ನ ಜೀವಮಾನದಲ್ಲಿ ಅಷ್ಟು ನಾಜೂಕಿನ ಕೆಲಸ ಇನ್ನೊಂದು ಮಾಡಿಲ್ಲ. ಅದನ್ನು ನೋಡಿ ಖುಷಿಯಾಗಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು.

ಅವರ ಮೇಲಿನ ಕರುಣೆಯಿಂದ ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನಾನು ಸಿಕ್ಕಿಬೀಳಬಾರದು ಎಂದು ಮಾಡಿದೆ.

ಬಣ್ಣ ಗಟ್ಟಿಯಾಗಲು ನಾಲ್ಕು ದಿನ ಸಬೂಬು ಹೇಳಿದೆ. ಆಮೇಲೆ ಅವರೆದುರಿಗೇ ಉಜ್ಜಿದೆ. ನೀಲಿಯ ಅಡಿಯಿಂದ ಮೊದಲು ಬಾಣದ ತುದಿ ಕಂಡಿತು. ಅವರು ಒಂದೊಂದೇ ಅಂಕಿಯನ್ನು ಬಾಯಲ್ಲಿ ಓದುತ್ತ ಹೋದರು. ಕೊನೆಯದು ಬಂದಾಗ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನಿಂತರು. ನನ್ನ ಒದ್ದೆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಗಾಡಿಯ ಅಡಿಗೆ ವ್ಯಾಪಾರಿ ದಪ್ಪಗೆ ಟಾರು ಬಳಿಸಿದ್ದ. ಚಾಸಿಯ, ಅಂದರೆ ತಳದ ಚೌಕಟ್ಟಿನ, ಬೆಸುಗೆ ಹುಡುಕಬೇಕಾದರೆ ಅದನ್ನೆಲ್ಲ ಕೀಳಬೇಕಿತ್ತು. ನಂಬರೇ ಸಿಕ್ಕಮೇಲೆ ಅದು ಯಾಕೆ ಬೇಕು ಎಂದು ಇಬ್ಬರೂ ಬಿಟ್ಟೆವು. ಇಂಜಿನ್ನು ಕೂಡ್ಲಿಗಿಯಲ್ಲಿ ರಿಪೇರಿಯಾಯಿತು. ನಾನು ಮೈತುಂಬ ಹಸಿರು ಹೊಡೆದೆ. ಹಿಂಬಾಗಿಲಿನ ಆ ನಂಬರನ್ನು ಮಾತ್ರ ಸಿಕ್ಕ ಹಾಗೆಯೇ ಬಿಟ್ಟು ವಾರ್ನಿಷ್ ಎಳೆದೆ.

ಮೊದಲ ಪಯಣ ಹಡಗಲಿಗೆ. ಒಲ್ಲೆ ಎಂದರೂ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋದರು. ಆ ಅಕ್ಕ ಮಲ್ಲಿಗೆ ತೋಟದಿಂದ ಆಗಷ್ಟೇ ಬಂದಿದ್ದಳು. ಮಡಿಲಲ್ಲಿ ಮೊಗ್ಗು ಇತ್ತು. ಅಳುವ ಹೆಂಗಸಲ್ಲ. ಗಾಡಿಯ ಸುತ್ತ ಬಂದು, ಒಳಗೆ ಇಣುಕಿ, "ಇಷ್ಟೇ ಏನು?" ಅಂದಳು. ಆಮೇಲೆ ಕೇಳಿದಳು:

"ಇದರಾಗ ಬೆಚ್ಚಗಿರತಿತ್ತೇನು?"

"ಎಲ್ಲೀದು ಯಕ್ಕಾ. ಗಾಳಿ ನುಗ್ಗಿ ಬರತಿತ್ತು."

"ಕಾಗದದಾಗ ಬರೇ ಆರಾಮ ಅದೀನಿ ಅಂತ ಬರಿಯೋನು. ಥಂಡಿ ಮಾತೇ ಎತ್ತತಿದ್ದಿಲ್ಲ ನೋಡು," ಎಂದು ಸೆರಗಿನಿಂದ ಸ್ಟೇರಿಂಗನ್ನು ಒರೆಸಿದಳು, ದೂಳು ಇಲ್ಲದಿದ್ದರೂ. ಮಡಿಲಿನ ಮೊಗ್ಗು ಕಟ್ಟಿ, ಹಿಂಬಾಗಿಲಿನ ನಂಬರಿನ ಮೇಲೆ ಇಳಿಬಿಟ್ಟಳು. ನನಗೆ ಜೋಳದ ರೊಟ್ಟಿ ಬಡಿಸುವಾಗ, "ಛಲೋ ಕೆಲಸ ಮಾಡಿದಿ ತಮ್ಮಾ. ನಿನ್ನ ಕೈ ತಣ್ಣಗಿರಲಿ," ಅಂದಳು. ಆ ರೊಟ್ಟಿ ಉಂಡೆ.

ಅಂದಿನಿಂದ ವರ್ಷಕ್ಕೊಮ್ಮೆ, ಆ ಗೆಳೆಯ ತೀರಿದ ದಿನ, ಜೋಂಗಾ ಹಡಗಲಿಗೆ ಹೋಗುವುದು ವಾಡಿಕೆಯಾಯಿತು. ಆಕೆ ಅದರಲ್ಲಿ ಕೂತು ಹೊಳೆಯವರೆಗೆ ಹೋಗಿ ಬರುತ್ತಿದ್ದಳು.

ಹೀಗೆ ಕೆಲವು ವರ್ಷ ಕಳೆದವು. ಒಮ್ಮೆ ಹಗರಿಬೊಮ್ಮನಹಳ್ಳಿಯ ಹತ್ತಿರ ಗುಂಡಿಗೆ ಇಳಿದು ಗಾಡಿಯ ಅಡಿಯ ಸ್ಪ್ರಿಂಗ್ ಪಟ್ಟಾ ಮುರಿಯಿತು. ಅಲ್ಲಿಯ ವೆಲ್ಡಿಂಗ್ ಅಂಗಡಿಯಲ್ಲಿ ಅಡಿಯ ಟಾರನ್ನೆಲ್ಲ ಕೀಳಬೇಕಾಯಿತು. ಮಿಲ್ಟ್ರಿ ಅಡಿಗೆ ಹೋಗಿ ಮಲಗಿ ನೋಡಿದರು. ಚಾಸಿ ಈ ತುದಿಯಿಂದ ಆ ತುದಿಗೆ ಅಖಂಡವಾಗಿತ್ತು. ಎಲ್ಲಿಯೂ ಮುರಿದಿರಲಿಲ್ಲ, ಎಲ್ಲಿಯೂ ಬೆಸುಗೆ ಇರಲಿಲ್ಲ.

ವಾರದ ಮೇಲೆ ನನ್ನ ಶೆಡ್ಡಿಗೆ ಬಂದರು. ಎಂದಿನ ಹಾಗೆ ಚಹಾ ತರಿಸಿದೆ.

"ಪೇಂಟರ್, ಹಿಂದಿನ ನಂಬರು ಅಳಿಸಬೇಕು," ಅಂದರು. "ಅದು ಈ ಗಾಡಿದಲ್ಲ."

ನಾನು ಲೋಟವನ್ನು ಅವರ ಕಡೆ ಸರಿಸಿದೆ.

"ಹೆಂಗ ಗೊತ್ತಾತು ಅಂತ ಕೇಳಂಗಿಲ್ಲೇನು?"

ನನಗೆ ಕೇಳಲು ಆಗಲಿಲ್ಲ. ಅವರು ನನ್ನ ಮುಖ ನೋಡಿದರು. ಅವರು ತಿಳಿಯಬೇಕಾದದ್ದು ಅಷ್ಟರಲ್ಲೇ ತಿಳಿಯಿತು. ಎದ್ದು ಹೋಗಲಿಲ್ಲ. ಚಹಾ ಮುಗಿಸಿದರು. ಆಮೇಲೆ, "ಹಡಗಲಿಗೆ ಹೋಗಿ ಬಂದೆ. ಕಣ್ಣು ಮಂಜಾಗ್ಯಾವ, ನಾನೇ ತಪ್ಪು ಓದಿದ್ದೆ ಯಕ್ಕಾ ಅಂತ ಹೇಳಿ ಬಂದೀನಿ," ಅಂದರು.

"ಏನಂದ್ರು?"

"ಬಾಳ ಸಿಟ್ಟಿಗೆದ್ಲು."

ಅಷ್ಟೇ ಹೇಳಿದರು. ಉಳಿದದ್ದನ್ನು ಬೇರೆಯವರಿಂದ ಕೇಳಿದೆ. ಹಡಗಲಿಯ ಆಕೆ ನಾಲ್ಕು ಮಂದಿಯ ಎದುರಿಗೆ, ಆ ನಂಬರನ್ನು ನೀನು ನಿದ್ದೆಯಲ್ಲಿ ಕೇಳಿದರೂ ಹೇಳುವವನು, ತಪ್ಪು ಓದುತ್ತೀಯಾ, ನನ್ನನ್ನು ಆಟ ಆಡಿಸಿದೆ ಎಂದಳಂತೆ. ಇದು ಸುಳ್ಳಾದರೆ ಪೆಟ್ಟಿಗೆ ತಂದ ದಿನ ಹೇಳಿದ್ದೂ ಸುಳ್ಳೇ ಇರಬೇಕು, ಜ್ವರವೋ ಅಂಜಿಕೆಯೋ ಯಾರಿಗೆ ಗೊತ್ತು ಎಂದಳಂತೆ. ಇನ್ನು ಈ ಹೊಸ್ತಿಲು ತುಳಿಯಬೇಡ ಎಂದಳಂತೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು ಬಂದರಂತೆ. ನನ್ನ ಹೆಸರನ್ನು ಎತ್ತಲಿಲ್ಲ.

ಆ ನಂಬರನ್ನು ನನ್ನ ಕೈಯಿಂದಲೇ ಅಳಿಸಿದೆ. ಅವರು ಪಕ್ಕದಲ್ಲಿ ನಿಂತಿದ್ದರು. ಸಾವಕಾಶ ಎಂದು ಆ ದಿನ ಹೇಳಲಿಲ್ಲ.

ಅಷ್ಟಾದರೂ ಅವರು ನನ್ನ ಶೆಡ್ಡಿಗೆ ಬರುವುದನ್ನು ನಿಲ್ಲಿಸಲಿಲ್ಲ. ಒಂದು ದಿನ ಖುಷಿಯಿಂದಲೇ ಬಂದರು. ಟಾರು ಕಿತ್ತಮೇಲೆ ಅದು ಮುಚ್ಚಿದ್ದ ತೂತುಗಳು ಗಾಡಿಯ ಒಳನೆಲದಲ್ಲಿ ಸಾಲಾಗಿ ಕಂಡವಂತೆ. ರೋಗಿಗಳನ್ನು ಮಲಗಿಸುವ ಸ್ಟ್ರೆಚರಿನ ಕೊಂಡಿಗಳನ್ನು ಕೂರಿಸುವ ತೂತು ಅವು. "ಇದು ದವಾಖಾನಿ ಗಾಡಿ ಇದ್ದಿರಬೇಕಲೇ ಪೇಂಟರ್. ಎಷ್ಟು ಹುಡುಗರನ್ನ ಜೀವಂತ ಮುಟ್ಟಿಸೈತೋ. ಒಂದು ಗುರುತು ಸಿಕ್ಕಿದ್ರ ಖಾತ್ರಿ ಆಗತಿತ್ತು," ಅಂದರು.

ಆ ಕ್ಷಣಕ್ಕೆ ನನಗೆ ನೆನಪಾಯಿತು. ಆ ಬಿಳಿಯದು ದುಂಡಗೆ ಇತ್ತು. ಅದರ ನಡುವೆ ಕೆಂಪು ಶಿಲುಬೆ ಇತ್ತು. ಮೆಷಿನ್ನಿನ ಕೆಳಗೆ ಕೆಂಪು ಪುಡಿ ಹಾರಿದ್ದು ಕಣ್ಣಿಗೆ ಕಟ್ಟಿದ ಹಾಗೆ ಬಂತು. ಅವರು ಅಷ್ಟು ವರ್ಷ ಹುಡುಕಿದ ನಿಜ ನನ್ನ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದರೆ ಕೆರೆದವನು ನಾನೇ ಎಂಬುದನ್ನೂ ಹೇಳಬೇಕಿತ್ತು.

"ಇರಬಹುದ್ರಿ," ಅಂದೆ.

ಸುಳ್ಳು ನಂಬರಿನ ಅಚ್ಚು ಹಾಕಿದ್ದು ದೊಡ್ಡ ತಪ್ಪು ಎಂದು ಓದುವವರಿಗೆ ಅನ್ನಿಸಬಹುದು. ನನ್ನನ್ನು ತಿನ್ನುವುದು ಈ ಒಂದು ಮಾತು. ಆಮೇಲೆ ಗಾಡಿಯ ಬಗ್ಗೆ ಯಾರು ಕೇಳಿದರೂ ಅವರು, "ಗೊತ್ತಿಲ್ಲಪಾ, ಯಾವ ತಾಯಿ ಮಗ ಓಡಿಸ್ಯಾನೋ," ಎನ್ನುತ್ತಿದ್ದರು. ಪ್ರತಿ ಸಲ ನಾನು ಅಲ್ಲಿಯೇ ಕೂತಿರುತ್ತಿದ್ದೆ.

ಅವರು ತೀರಿದಾಗ ಕೂಡ್ಲಿಗಿಗೆ ಹೋಗಿದ್ದೆ. ಹಡಗಲಿಯಿಂದ ಯಾರೂ ಬಂದಿರಲಿಲ್ಲ. ಸುದ್ದಿ ಮುಟ್ಟಿದರೂ ಆಕೆ ಬರಲಿಲ್ಲ ಎಂದು ಅವರ ಹೆಂಡತಿ ಯಾರಿಗೋ ಹೇಳುತ್ತಿದ್ದರು. "ಕಡೀತನಕ ಯಕ್ಕ ಯಕ್ಕ ಅಂದ್ರು," ಅಂದರು.

ಅದನ್ನು ಕೇಳಿದಮೇಲೆ ಮನೆಯಲ್ಲಿ ಕೂರಲು ಆಗಲಿಲ್ಲ. ಮರುವಾರ ಹಡಗಲಿಗೆ ಹೋದೆ. ಆ ಅಕ್ಕ ಈಗ ಕೋಲು ಹಿಡಿದು ನಡೆಯುತ್ತಾಳೆ. ಕಟ್ಟೆಯ ಮೇಲೆ ಕೂತಿದ್ದಳು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಮೆಷಿನ್ನು, ನೆಲದ ಮೇಲಿನ ಸೀಮೆಸುಣ್ಣ, ಅಮಾವಾಸ್ಯೆ, ಕೆಂಪು ಶಿಲುಬೆ.

"ಹಂಗಾರ ಅವ ಅವತ್ತ ಖರೇನೇ ಹೇಳಿದ್ದ," ಅಂದಳು ಕೊನೆಗೆ.

"ಹೌದು ಯಕ್ಕಾ. ಅವರು ಸುಳ್ಳು ಹೇಳಿದ್ದು ಒಂದೇ. ತಪ್ಪು ಓದಿದೆ ಅಂದದ್ದು. ಅದೂ ನನ್ನ ಸಲುವಾಗಿ."

ನಾನು ಕೈಮುಗಿದು ಹೊರಡಲು ತಿರುಗಿದೆ.

"ಎಲ್ಲಿಗೆ ಹೊಂಟಿ? ನನಗೊಬ್ಬಾಕಿಗೆ ಹೇಳಿ ಹಗುರ ಮಾಡಿಕೊಂಡು ಹೊಕ್ಕೀಯೇನು?" ಅಂದಳು. "ಅವನ್ನ ನಾ ನಾಕು ಮಂದಿ ಮುಂದ ಅಂದೀನಿ. ನೀ ಅವನ ಮನ್ಯಾಗ ನಾಕು ಮಂದಿ ಮುಂದ ಹೇಳು. ನಡಿ."

ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸಿದೆವು. ಹತ್ತಿಸಲು ಕೈ ಚಾಚಿದೆ. ಆಕೆ ನನ್ನ ಕೈ ಹಿಡಿಯದೆ ಕಂಬಿ ಹಿಡಿದು ಹತ್ತಿದಳು. ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಹಿಂದೆ ಹೋಗಿ ಕೂತಳು.

ಕೂಡ್ಲಿಗಿಯ ಆ ಅಂಗಳದಲ್ಲಿ ಅವರ ಹೆಂಡತಿ, ಮಗಳು, ಅಳಿಯ, ಓಣಿಯ ಕೆಲವು ಹೆಂಗಸರು ಇದ್ದರು. ಹಡಗಲಿಯ ಆಕೆಯನ್ನು ನೋಡಿ ಎಲ್ಲರ ಮಾತು ನಿಂತಿತು. ಆಕೆ ಕೋಲಿನಿಂದ ನನ್ನನ್ನು ತೋರಿಸಿ, "ಇವ ಹೇಳತಾನ, ಕೇಳ್ರಿ," ಅಂದಳು.

ಹೇಳಿದೆ. ಎರಡನೆಯ ಸಲ ಹೇಳುವಾಗ ಸುಲಭವಾಗಬೇಕಿತ್ತು, ಆಗಲಿಲ್ಲ. ಮುಗಿದಮೇಲೆ ಯಾರಾದರೂ ಬೈಯಲಿ ಎಂದು ಕಾದೆ. ಅಳಿಯ ಬೇರೆ ಕಡೆ ನೋಡಿದ. ಮಗಳು, "ದವಾಖಾನಿ ಗಾಡಿ ಅಂತ ಖಾತ್ರಿ ಅಲ್ಲ?" ಎಂದಷ್ಟೇ ಕೇಳಿದಳು. ಹೌದು ಎಂದೆ. ಅವರ ಹೆಂಡತಿ ಎದ್ದು ಬಂದು ಹಡಗಲಿಯ ಆಕೆಯ ರಟ್ಟೆ ಹಿಡಿದರು. "ಒಳಗ ಬಾ ಯಕ್ಕಾ, ಬಿಸಲಾಗ ಬಂದೀದಿ," ಅಂದರು. ಇಬ್ಬರೂ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಳುವ ದನಿ ಕೇಳಿತು. ಯಾರದೆಂದು ಗೊತ್ತಾಗಲಿಲ್ಲ.

ನನ್ನನ್ನು ಯಾರೂ ಕೂರು ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಅಂಗಳದಲ್ಲಿ ನಿಂತೇ ಇದ್ದೆ. ಆಮೇಲೆ ಮಗಳು ಎಲ್ಲರಿಗೂ ಚಹಾ ತಂದಳು. ತಟ್ಟೆಯಲ್ಲಿ ನನಗೂ ಒಂದು ಲೋಟ ಇತ್ತು. ತೆಗೆದುಕೊಂಡೆ, ಕುಡಿದೆ.